ಜೊತೆಯಲ್ಲಿ ಸವೆದದ್ದು

ಲಲಿತಮಹಲ್ ಕಡೆಗೆ ಏರುವ ರಸ್ತೆಯಲ್ಲಿ ಅವತ್ತು ಬೆಳಗ್ಗೆ ಪೆಡಲ್ ಮೇಲೆ ಎದ್ದು ನಿಂತು ಒತ್ತಿದೆ. ಕಟ್ ಅಂತ ಒಂದು ಸದ್ದು. ಬಲಗಾಲು ಗಾಳಿಯಲ್ಲಿ ಜಾರಿದ ಹಾಗೆ ಕೆಳಗೆ ಹೋಯಿತು. ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಬೀಳಲಿಲ್ಲ, ಆದರೆ ಎದೆ ಢವಢವ ಅನ್ನುತ್ತಿತ್ತು. ಚೈನು ಕಳಚಿರಬೇಕು ಅಂದುಕೊಂಡು ಇಳಿದು ನೋಡಿದೆ. ಚೈನು ಅದರ ಜಾಗದಲ್ಲೇ ಇತ್ತು. ಹೊಸ ಚೈನು, ಹಾಕಿಸಿ ಮೂರು ದಿನ ಆಗಿತ್ತು ಅಷ್ಟೆ. ಮತ್ತೆ ಹತ್ತಿ ತುಳಿದೆ. ಸಮ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಏರು ಬಂದು ಕಾಲಿನ ಭಾರ ಹಾಕಿದ ತಕ್ಷಣ ಮತ್ತೆ ಅದೇ ಕಟ್.

ಆ ಸದ್ದು ಎರಡು ವಾರ ನನ್ನ ತಲೆ ಬಿಟ್ಟು ಹೋಗಲಿಲ್ಲ. ತೆಗೆದು ಹಾಕಿದ ಹಳೇ ಚೈನು ತುಕ್ಕು ಹಿಡಿದಿತ್ತು, ಜೋತು ಬಿದ್ದಿತ್ತು, ಕರಕರ ಅನ್ನುತ್ತಿತ್ತು. ಆದರೂ ಅದು ಒಂದು ದಿನವೂ ಗಾಲಿಯ ಹಲ್ಲು ಬಿಟ್ಟು ಜಾರಿರಲಿಲ್ಲ. ಹೊಸದು ಹಾಕಿದ ಮೇಲೆ ಸೈಕಲ್ ಕೆಟ್ಟಿತು. ಒಳ್ಳೇದು ಮಾಡೋಕೆ ಹೋಗಿ ಇದ್ದದ್ದನ್ನೂ ಕೆಡಿಸಿದೆನಾ ಅನ್ನುವ ಕೊರಗು, ಯಾಕೆಂದರೆ ಅದು ಅಪ್ಪನ ಸೈಕಲ್.

ಅಪ್ಪನದು ಅಟ್ಲಾಸ್. ಹಸಿರು ಬಣ್ಣ, 28 ಇಂಚಿನ ಚಕ್ರ, ರಾಡ್ ಬ್ರೇಕು. ನಾನು ಹುಟ್ಟುವ ಮೊದಲೇ ಮನೆಗೆ ಬಂದಿತ್ತು. ಮಂಡ್ಯ ಮತ್ತು ಪಾಂಡವಪುರದ ನಡುವೆ ನಮ್ಮೂರು. ನಾಲೆ ಏರಿಯ ಮೇಲೆ ದಿನಾ ಎರಡು ಹೊತ್ತು ಡೇರಿಗೆ ಹಾಲು, ಬರುವಾಗ ಕ್ಯಾರಿಯರ್ ಮೇಲೆ ಹಸಿ ಹುಲ್ಲಿನ ಹೊರೆ. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಅಪ್ಪ ಅದನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿದರು. 2020ರ ಜೂನ್ 3ರಂದು ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ ನಿಂತುಹೋಯಿತು. ಅವತ್ತು ವಿಶ್ವ ಸೈಕಲ್ ದಿನ. ಪೇಪರ್‌ನಲ್ಲಿ ಓದಿ ಅಪ್ಪ ಫೋನ್ ಮಾಡಿದ್ದರು. "ಇನ್ನ ನಮ್ ಸೈಕಲ್ ಸಾಮಾನು ಸಿಕ್ತವಾ ಮಗ?" ಅಂತ ಕೇಳಿದರು. ಓಡಿಸದೆ ನಿಂತ ಸೈಕಲ್ಲಿನ ಬಗ್ಗೆ ಅಷ್ಟು ಕಾಳಜಿ! ಸಿಗುತ್ತೆ ಬಿಡಪ್ಪ ಅಂದೆ. ಸುಮ್ನೆ ಅಂದದ್ದು. ಆಗ ನನಗೆ ಅದರ ತಲೆಬುಡ ಗೊತ್ತಿರಲಿಲ್ಲ.

2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂದಾಗ ನಾನು ಮತ್ತೆ ಸೈಕಲ್ ತುಳಿಯೋಕೆ ಶುರು ಮಾಡಿದ್ದೆ. ಆಮೇಲೆ ಸ್ವಂತದ್ದು ಬೇಕು ಅನ್ನಿಸಿತು. ಹೊಸದು ಯಾಕೆ, ಅಪ್ಪನದ್ದೇ ಇದೆಯಲ್ಲ ಅಂತ ಊರಿನ ತರಕಾರಿ ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಟಯರು, ಟ್ಯೂಬು, ಬ್ರೇಕ್ ಕಟ್ಟೆ ಬದಲಾಯಿಸಿದೆ. ಚೈನನ್ನೂ ಬದಲಾಯಿಸಿ ಅಂತ ಶಾಪಿನಲ್ಲಿ ಹೇಳಿದವಳು ನಾನೇ.

ಹಲ್ಲು ಮತ್ತು ಕೊಂಡಿ

ಚೈನು ಉದ್ದ ಆಗಿದೆ ಅಂತೀವಿ. ಕಬ್ಬಿಣ ರಬ್ಬರಿನ ಹಾಗೆ ಹಿಗ್ಗಿದೆ ಅಂತಲೇ ನಾನು ತಿಳಿದಿದ್ದೆ. ಹಾಗಲ್ಲ. ಪ್ರತಿ ಕೊಂಡಿಯ ಗಂಟಿನಲ್ಲಿ ಒಂದು ಪಿನ್ನು ಇರುತ್ತದೆ. ತುಳಿದಾಗಲೆಲ್ಲ ಕೊಂಡಿ ಅದರ ಮೇಲೆ ಸ್ವಲ್ಪ ತಿರುಗುತ್ತದೆ. ನಾಲೆ ಏರಿಯ ಮರಳು, ಧೂಳು ಎಣ್ಣೆಯ ಜೊತೆ ಸೇರಿ ಅರೆಯುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ಪಿನ್ನು, ಅದು ಕೂತಿರುವ ತೂತು ಎರಡೂ ಕೂದಲೆಳೆಯಷ್ಟು ಸವೆಯುತ್ತವೆ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. 24 ಕೊಂಡಿಗೆ ಸರಿಯಾಗಿ 12 ಇಂಚು ಇರಬೇಕು. ಸ್ಕೂಲಿನ ಒಂದಡಿ ಸ್ಕೇಲು ಇಟ್ಟರೆ ಸಾಕು. 12ರ ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ. ಎಂಟನೇ ಒಂದು ಭಾಗ ಹೋಗಿದ್ದರೆ ಹಲ್ಲುಗಳೂ ಹೋಗಿವೆ ಅಂತಲೇ ತಿಳಿಯಬೇಕು.

ಅಪ್ಪನ ಹಳೇ ಚೈನನ್ನು ನಾನು ಬಿಸಾಡಿರಲಿಲ್ಲ. ಸ್ಕೇಲು ಇಟ್ಟೆ. ಎಂಟನೇ ಒಂದು ಭಾಗ ಪೂರ್ತಿ ಇತ್ತು. ಒಂದೊಂದು ಗಂಟಿಗೆ ಲೆಕ್ಕ ಹಾಕಿದರೆ ಸುಮಾರು 0.13 ಮಿಲಿಮೀಟರ್ ಸವೆತ. ಕಣ್ಣಿಗೆ ಕಾಣುವುದೇ ಇಲ್ಲ.

ಕೊಂಡಿ ಉದ್ದವಾದಂತೆ ಅದು ಹಲ್ಲಿನ ಬುಡದಲ್ಲಿ ಕೂರುವುದಿಲ್ಲ, ಮೇಲೆ ಮೇಲೆ ಸರಿಯುತ್ತದೆ. ಹಲ್ಲು ಆ ಜಾಗದಲ್ಲಿ ಸವೆಯುತ್ತಾ ಹೋಗುತ್ತದೆ. ವರ್ಷಗಳು ಕಳೆದ ಮೇಲೆ ಹಲ್ಲು ಕುಡುಗೋಲಿನ ಹಾಗೆ ಬಾಗುತ್ತದೆ. ಅಪ್ಪನ ಸೈಕಲ್ಲಿನ ಹಿಂದಿನ ಚಕ್ರದ ಹಲ್ಲುಗಾಲಿ, ಅಂದರೆ ಫ್ರೀವೀಲು, ಅದರ 18 ಹಲ್ಲೂ ಹಾಗೇ ಆಗಿದ್ದವು. ಹಳೇ ಚೈನಿಗೆ ಆ ಬಾಗು ಸರಿಹೊಂದುತ್ತಿತ್ತು, ಯಾಕೆಂದರೆ ಆ ಬಾಗನ್ನು ಮಾಡಿದ್ದೇ ಅದು. ಹೊಸ ಚೈನಿನ ಅರ್ಧ ಇಂಚು ಸರಿಯಾಗಿ ಅರ್ಧ ಇಂಚೇ. ಅದಕ್ಕೆ ಆ ಹಲ್ಲಿನಲ್ಲಿ ಕೂರಲು ಜಾಗವಿಲ್ಲ. ಭಾರ ಬಿದ್ದಾಗ ಹಲ್ಲಿನ ತುದಿ ಹತ್ತಿ ಆಚೆ ಹಾರುತ್ತದೆ. ಲಲಿತಮಹಲ್ ಏರಿನಲ್ಲಿ ನನ್ನ ಕಾಲು ಜಾರಿದ್ದು ಇದಕ್ಕೆ.

ಇದು ಅರ್ಥವಾದಾಗ ನನಗೆ ಒಂದು ಥರ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಆ ಕರಕರ ಚೈನು, ಆ ಬಾಗಿದ ಹಲ್ಲು ಒಂದಕ್ಕೊಂದು ಒಗ್ಗಿಕೊಂಡು ಅಷ್ಟು ವರ್ಷ ಹಾಲು ಹೊತ್ತಿದ್ದವು. ಒಂದನ್ನು ಕಿತ್ತು ಹೊಸದು ತಂದು ಕೂರಿಸಿದರೆ ಇನ್ನೊಂದು ಹೇಗೆ ಒಪ್ಪುತ್ತದೆ?

ಗುಜರಿಯ ನೀಲಿ ಸೈಕಲ್

ಮಂಡ್ಯದಲ್ಲಿ ಅಪ್ಪನ ಕಾಲದಿಂದ ನಮ್ಮ ಸೈಕಲ್ ನೋಡುತ್ತಿದ್ದ ಒಬ್ಬರು ಇದ್ದಾರೆ. ನಾನು ಅವರನ್ನು ಮಾವ ಅಂತಲೇ ಕರೆಯುತ್ತೇನೆ. ಈಗ ಶಾಪ್ ಅಂತ ದೊಡ್ಡದಾಗಿ ಇಲ್ಲ. ಮನೆ ಮುಂದಿನ ಜಗಲಿ, ಸಾಮಾನು ಬಿಗಿಯಾಗಿ ಹಿಡಿಯೋಕೆ ಒಂದು ವೈಸು, ಪಾನಾಗಳ ಪೆಟ್ಟಿಗೆ, ಗೋಡೆ ತುಂಬ ಮೊಳೆ. ಸೈಕಲ್ಲನ್ನು ಅವರ ಹತ್ತಿರ ತಗೊಂಡು ಹೋದೆ. ಅವರು ಹೊಸ ಸೆಟ್ ತಗೋ ಅನ್ನಬಹುದು ಅಂದುಕೊಂಡಿದ್ದೆ. ತಗೊಳ್ಳಬಹುದಿತ್ತು, ಅದೇನೂ ಭಾರಿ ದುಡ್ಡಲ್ಲ. ಮಾವ ಫ್ರೀವೀಲನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಗುಜರಿಗೋಗಿ ಒಂದ್ ಹಳೇ ಸೈಕಲ್ ತಕಬಾವ್ವ. ಮೂರೂ ಒಂದೇ ಸೈಕಲ್ದಾಗಿರ್ಬೇಕು" ಅಂದರು. ಮೂರು ಅಂದರೆ ಪೆಡಲ್ ಹತ್ತಿರದ ಹಲ್ಲುಗಾಲಿಯಾದ ಚೈನ್‌ವೀಲು, ಚೈನು, ಫ್ರೀವೀಲು.

ಗುಜರಿ ಅಂಗಡಿಯಲ್ಲಿ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಅಲ್ಲಿ ತಕ್ಕಡಿಗೆ ಗೊತ್ತಿರುವುದು ತೂಕ ಒಂದೇ. ಸವೆದ ಹಲ್ಲು, ಸವೆಯದ ಹಲ್ಲು ಎಲ್ಲಕ್ಕೂ ಕೇಜಿಗೆ ಅದೇ ರೇಟು. ಎಲ್ಲವೂ ಒಂದೇ ಲಾರಿಯಲ್ಲಿ ಕರಗಿಸೋಕೆ ಹೋಗುತ್ತವೆ. ಒಳ್ಳೆಯ ಭಾಗ ಒಳ್ಳೆಯದು ಅಂತ ಯಾರೂ ನೋಡದೆ ಹೋಗಿಬಿಡುತ್ತೆ ಅನ್ನುವುದು ನನಗೆ ಅವತ್ತು ತುಂಬ ಚುಚ್ಚಿತು.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಗೇರ್ ಸೈಕಲ್. ನೋಡೋಕೆ ಚೆನ್ನಾಗಿತ್ತು. ಆದರೆ ಗೇರ್ ಸೈಕಲ್ಲಿನ ಚೈನು ಸಣ್ಣ. ಒಳಗಿನ ಅಗಲ ಸುಮಾರು 2.4 ಮಿಲಿಮೀಟರ್. ನಮ್ಮ ಹಳೇ ಸೈಕಲ್ಲಿನದು 3.2. ಆ ಚೈನು ಈ ದಪ್ಪ ಹಲ್ಲಿನ ಮೇಲೆ ಇಳಿಯುವುದೇ ಇಲ್ಲ. ಅರ್ಧ ಇಂಚಿನ ಲೆಕ್ಕ ಎರಡಕ್ಕೂ ಒಂದೇ, ಅಗಲ ಮಾತ್ರ ಬೇರೆ. ಅದನ್ನು ಬಿಟ್ಟೆ.

ಅದರ ಕೆಳಗೆ ಒಂದು ನೀಲಿ ಲೇಡೀಸ್ ಸೈಕಲ್ ಇತ್ತು. ಮುಂದೆ ಬುಟ್ಟಿ, ಪೂರ್ತಿ ಚೈನ್ ಕವರ್. ನೋಡಿದ ತಕ್ಷಣ ಗೊತ್ತಾಯಿತು, ಎಂಟನೇ ಕ್ಲಾಸಿನ ಹುಡುಗಿಯರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ ಅದು. 2006-07ರಲ್ಲಿ ಆ ಯೋಜನೆ ಶುರುವಾದಾಗ ನಾನೂ ಎಂಟನೇ ಕ್ಲಾಸು. ಸ್ಕೂಲ್ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳಲ್ಲಿ ನನ್ನದು ಯಾವುದು ಅಂತ ಕರೆಯುವ ತನಕ ಕಾದ ಆ ಬಿಸಿಲು ಇನ್ನೂ ನೆನಪಿದೆ. ಅದರಲ್ಲೇ ಮೊದಲ ಸಲ ಒಬ್ಬಳೇ ಊರಿನ ಗಡಿ ದಾಟಿದ್ದು. ಕಾಲೇಜಿಗೆ ಮೈಸೂರಿಗೆ ಬಂದ ಮೇಲೆ ಮನೆಯವರು ಅದನ್ನು ಗುಜರಿಗೆ ಕೊಟ್ಟಿದ್ದರು. ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಈ ನೀಲಿ ಸೈಕಲ್ ನನ್ನದಲ್ಲ, ಇದು ಎಷ್ಟೋ ವರ್ಷ ಆಮೇಲಿನದು. ಆದರೂ ಕೈ ಅದರ ಸೀಟಿನ ಮೇಲೆ ಹೋಯಿತು.

ಬಣ್ಣ ಹೋಗಿತ್ತು. ಹಿಂದಿನ ರಿಮ್ಮು ಸೊಟ್ಟ. ಬ್ರೇಕ್ ಇರಲೇ ಇಲ್ಲ. ಆದರೆ ಚೈನ್ ಕವರ್ ಬಿಚ್ಚಿ ನೋಡಿದರೆ ಒಳಗಿನ ಚೈನು ಕಪ್ಪು ಜಿಡ್ಡಿನಲ್ಲಿ ಮೆತ್ತಗೆ ಕೂತಿತ್ತು. ಬ್ಯಾಗಿನಿಂದ ಸ್ಕೇಲು ತೆಗೆದು ಇಟ್ಟೆ. 12ರ ಗೆರೆಯಿಂದ ಒಂದು ಕೂದಲು ಮುಂದೆ ಅಷ್ಟೆ. ಕವರ್ ಇದ್ದದ್ದರಿಂದ ಧೂಳು ಒಳಗೆ ಹೋಗಿರಲಿಲ್ಲ. ಹಲ್ಲುಗಳು ಎರಡೂ ಕಡೆ ಒಂದೇ ಥರ ಇಳಿಜಾರಾಗಿ ನೇರ ನಿಂತಿದ್ದವು. 450 ರೂಪಾಯಿ ಕೊಟ್ಟು ತಂದೆ.

ಜಗಲಿಯ ಮೇಲೆ

ಬಿಚ್ಚುವಾಗ ಮೊದಲು ಸಿಕ್ಕಿದ್ದು ದಾರ. ಹಿಂದಿನ ಚಕ್ರದ ನಡುವಿನ ಹಬ್ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದ ಬಿಳಿ ದಾರ, ಈಗ ಕಪ್ಪಾಗಿತ್ತು. ಯಾವುದೋ ಹುಡುಗಿಯ ವೇಲಿನದು. ನಾವೆಲ್ಲ ವೇಲನ್ನು ಸೊಂಟಕ್ಕೆ ಗಂಟು ಹಾಕಿಕೊಂಡೇ ಸೈಕಲ್ ಹತ್ತುತ್ತಿದ್ದೆವು. ಗಂಟು ಬಿಚ್ಚಿಹೋದ ದಿನ ಅದು ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಹಿಂದಕ್ಕೆ ಎಳೆಯುತ್ತಿತ್ತು. ನನಗೂ ಒಂದು ಸಲ ಆಗಿತ್ತು. ಈ ಹುಡುಗಿಗೆ ಏನೂ ಆಗಿರದಿರಲಿ ಅಂದುಕೊಂಡು ಬ್ಲೇಡಿನಲ್ಲಿ ದಾರ ಕೊಯ್ದು ತೆಗೆದೆ.

ಆಮೇಲೆ ಕಾಟರ್ ಪಿನ್ನು. ಇಂಥ ಸೈಕಲ್ಲುಗಳಲ್ಲಿ ಪೆಡಲ್ಲಿನ ಕ್ರ್ಯಾಂಕು ಆಕ್ಸಲ್‌ಗೆ ಕಚ್ಚಿಕೊಳ್ಳುವುದು ಒಂದು ಓರೆ ಪಿನ್ನಿನಿಂದ. ನಾನು ನಟ್ ಬಿಚ್ಚಿ ಸುತ್ತಿಗೆ ಎತ್ತಿದೆ. ಮಾವ ಕೈ ಹಿಡಿದರು.

"ಅದ್ಯಾಕವ್ವ ಹಂಗ್ ಹೊಡೀತೀಯ? ಪಿನ್ನಿಗೆ ಬಿದ್ದ ಏಟು ಪಿನ್ನಲ್ಲೇ ನಿಂತ್ಕಳಾಕಿಲ್ಲ. ಒಳಗಿರೋ ಬಾಲ್ಸ್‌ಗೆ ಹೋಯ್ತದೆ. ಕಪ್ಪಲ್ಲಿ ಗುಳಿ ಬೀಳ್ತದೆ."

ಕಪ್ಪು ಅಂದರೆ ಆ ಬಾಲ್ಸ್ ಉರುಳುವ ಬಟ್ಟಲು. ಅವರು ಒಂದು ತುಂಡು ನೀರಿನ ಪೈಪು ತಂದರು. ನೆಲದಿಂದ ಕ್ರ್ಯಾಂಕಿನ ಅಡಿಯವರೆಗೆ ಸರಿಯಾಗಿ ಮುಟ್ಟುವಷ್ಟು ಉದ್ದ. ಅದನ್ನು ಪಿನ್ನಿನ ನೇರಕ್ಕೆ ಕೆಳಗೆ ನಿಲ್ಲಿಸಿದರು. ಪಿನ್ನು ಇಳಿದರೆ ಪೈಪಿನ ಒಳಗೆ ಬೀಳಬೇಕು, ಏಟಿನ ಭಾರ ಪೈಪಿನಿಂದ ನೆಲಕ್ಕೆ ಹೋಗಬೇಕು. ನಟ್ಟನ್ನು ಮತ್ತೆ ತಿರುಗಿಸಿ ಪಿನ್ನಿನ ತುದಿಗೆ ಸಮ ಮಾಡಿದರು, ಇಲ್ಲದಿದ್ದರೆ ಥ್ರೆಡ್ ಜಜ್ಜಿಹೋಗುತ್ತದೆ. ಆಮೇಲೆ ಸುತ್ತಿಗೆಯನ್ನು ನನ್ನ ಕೈಗೇ ಕೊಟ್ಟರು. "ಮೂರ್ ಸಲ ಹೊಡೀಬ್ಯಾಡ. ಒಂದೇ ಸಲ ಹೊಡಿ." ಎರಡನೇ ಏಟಿಗೆ ಪಿನ್ನು ಸಡಿಲವಾಯಿತು. ನಟ್ಟನ್ನು ಪೂರ್ತಿ ಬಿಚ್ಚಿ ಇನ್ನೊಂದು ಸಣ್ಣ ಏಟು ಕೊಟ್ಟ ಮೇಲೆ ಪೈಪಿನ ಒಳಗೆ ಟಣ್ ಅಂತ ಬಿತ್ತು. ಆ ಸದ್ದಿಗೆ ನನಗಾದ ಖುಷಿ ಇಷ್ಟು ಅಂತ ಹೇಳೋಕೆ ಬರಲ್ಲ.

ಫ್ರೀವೀಲು ಬಿಚ್ಚೋದು ಇನ್ನೊಂದು ಸಾಹಸ. ತುಳಿದಷ್ಟೂ ಅದು ಹಬ್ಬಿನ ಥ್ರೆಡ್ ಮೇಲೆ ಬಿಗಿಯಾಗುತ್ತಲೇ ಹೋಗುತ್ತದೆ. ಅಷ್ಟು ವರ್ಷ ಬಿಗಿಯಾಗಿದ್ದು ಪಾನಾಕ್ಕೆ ಬಗ್ಗಲ್ಲ. ಅದರ ಎರಡು ಕಚ್ಚಿಗೆ ಕೂರುವ ಟೂಲನ್ನು ವೈಸಿನಲ್ಲಿ ಹಿಡಿದು, ಚಕ್ರವನ್ನು ಅದರ ಮೇಲೆ ಕವುಚಿ, ರಿಮ್ಮನ್ನು ಎರಡೂ ಕೈಲಿ ಹಿಡಿದು ಎಡಕ್ಕೆ ತಿರುಗಿಸಬೇಕು. ಚಕ್ರವೇ ಸನ್ನೆಕೋಲು. ನಾನೊಂದು ಕಡೆ, ಮಾವ ಒಂದು ಕಡೆ. ಅಪ್ಪನ ಚಕ್ರದ್ದು ಹೊರಡುವಾಗ ಗುಂಡು ಹೊಡೆದ ಹಾಗೆ ಸದ್ದಾಯಿತು.

ಏನು ತಗೊಳ್ಳಬೇಕು, ಏನು ಬಿಡಬೇಕು ಅನ್ನೋದರಲ್ಲಿ ಮಾವನಿಗೆ ಒಂದು ನಿಮಿಷವೂ ಅನುಮಾನ ಇರಲಿಲ್ಲ. ಬಲಗಡೆ ಕ್ರ್ಯಾಂಕು ಚೈನ್‌ವೀಲಿನ ಜೊತೆ ಒಂದೇ ತುಂಡು, ಅದು ಬಂತು. ಎಡ ಕ್ರ್ಯಾಂಕು, ಎರಡು ಕ್ರ್ಯಾಂಕಿನ ನಡುವಿನ ಆಕ್ಸಲ್ ಅದರ ಜೊತೆಗೇ ಬಂದವು. ಬಾಲ್ಸ್ ಹಳೇದು ಬೇಡ. ಕಾಲಿಂಚಿನ ಬಾಲ್ಸ್ ಒಂದೊಂದು ಕಡೆಗೆ 11, ಹೊಸದೇ ಹಾಕಿದರು. ಸವೆದ ಬಾಲ್ ಗುಂಡಗಿರುವುದಿಲ್ಲ, ಕಪ್ಪನ್ನೂ ಕೆಡಿಸುತ್ತದೆ. ಕಾಟರ್ ಪಿನ್ನೂ ಹೊಸದು, ಅದರ ಓರೆಯನ್ನು ಅರದಲ್ಲಿ ಉಜ್ಜಿ ಹೊಂದಿಸಿದರು. ಒಂದು ಪಿನ್ನಿನ ನಟ್ಟು ಮೇಲೆ ಬಂದರೆ ಇನ್ನೊಂದರದ್ದು ಕೆಳಗೆ ಬರಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಅಪ್ಪನ ಸೈಕಲ್ಲಿನ ಎಡ ಕಪ್ಪಿನಲ್ಲಿ ಗುಳಿ ಬಿದ್ದಿತ್ತು. ನೀಲಿ ಸೈಕಲ್ಲಿನ ಕಪ್ಪನ್ನು ತಂದು ಬೆರಳಲ್ಲೇ ತಿರುಗಿಸಿದರು. ಹಾಗೇ ಒಳಗೆ ಹೋಯಿತು. ಎಲ್ಲೋ ತಯಾರಾದ ಅಪ್ಪನ ಅಟ್ಲಾಸ್, ಎಲ್ಲೋ ತಯಾರಾದ ಸ್ಕೂಲ್ ಸೈಕಲ್. ಥ್ರೆಡ್ ಒಂದೇ. ಇಂಗ್ಲಿಷ್‌ನವರು ಯಾವಾಗಲೋ ಇಟ್ಟುಹೋದ ಇಂಚಿನ ಅಳತೆಯನ್ನೇ ನಮ್ಮ ಕಾರ್ಖಾನೆಗಳು ಇವತ್ತಿಗೂ ಹಿಡಿದುಕೊಂಡು ಬಂದಿರುವುದರಿಂದ ಇದೆಲ್ಲ ಸಾಧ್ಯ. ಅಪ್ಪ ಫೋನಿನಲ್ಲಿ ಕೇಳಿದ್ದಕ್ಕೆ ನಿಜವಾದ ಉತ್ತರ ನನಗೆ ಸಿಕ್ಕಿದ್ದು ಆ ಕ್ಷಣದಲ್ಲಿ.

ಒಂದು ಮೊಳೆ, ಎರಡು ಚೈನು

ಎಲ್ಲ ಕೂರಿಸಿ ಚೈನು ಸುತ್ತಿದರೆ ತುದಿಗಳು ಮುಟ್ಟಲಿಲ್ಲ. ಚೈನ್‌ವೀಲಿಗೆ 44 ಹಲ್ಲು, ಫ್ರೀವೀಲಿಗೆ 18, ಅದೆಲ್ಲ ಸರಿ. ಆದರೆ ನೀಲಿ ಸೈಕಲ್ಲಿನ ಚಕ್ರ 26 ಇಂಚು, ಫ್ರೇಮು ಗಿಡ್ಡ. ಅದರ ಚೈನಿನಲ್ಲಿ 104 ಕೊಂಡಿ. ಅಪ್ಪನ ಫ್ರೇಮಿಗೆ 108 ಬೇಕು. ನಾಲ್ಕು ಕೊಂಡಿ ಕಡಿಮೆ, ಬರೀ ಎರಡು ಇಂಚು.

ನನಗೆ ಥಟ್ಟನೆ ಹೊಳೆದದ್ದು ಒಂದೇ. ಅಪ್ಪನ ಹಳೇ ಚೈನು ಬ್ಯಾಗಿನಲ್ಲೇ ಇದೆ. ಅದರಿಂದ ನಾಲ್ಕು ಕೊಂಡಿ ತೆಗೆದು ಸೇರಿಸೋಣ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ನಾಲ್ಕಾದರೂ ಅಪ್ಪನದು ಇರಲಿ ಅನ್ನುವ ಆಸೆ. ಇಷ್ಟು ಹೊತ್ತು ಬಿಚ್ಚಿ ಪಕ್ಕಕ್ಕೆ ಇಟ್ಟದ್ದೆಲ್ಲ ಅಪ್ಪ ತುಳಿದದ್ದೇ ಅಲ್ವಾ?

ಮಾವ ಬೇಡ ಅನ್ನಲಿಲ್ಲ. "ಎರಡೂ ಆ ಮೊಳೆಗೆ ತಗಲಾಕು" ಅಂದರು. ನೀಲಿ ಸೈಕಲ್ಲಿನ ಚೈನನ್ನು ಮೊಳೆಗೆ ಸಿಕ್ಕಿಸಿದೆ. ಅದರ ಪಕ್ಕದಲ್ಲಿ ಅಪ್ಪನದ್ದು. ಎಣಿಸು ಅಂದರು. ಎಣಿಸಿದೆ. ಜಿಡ್ಡಿನಲ್ಲಿ ಎರಡು ಸಲ ತಪ್ಪಿ ಮತ್ತೆ ಮೊದಲಿಂದ ಎಣಿಸಿದೆ. ಎರಡರಲ್ಲೂ 104ನೇ ಕೊಂಡಿಗೆ ಸೀಮೆಸುಣ್ಣ ಬಳಿದೆ. ಅಪ್ಪನ ಚೈನಿನ ಗುರುತು ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಒಂದು ಇಡೀ ಕೊಂಡಿಯಷ್ಟು ಕೆಳಗೆ ಇತ್ತು. ಲೆಕ್ಕಕ್ಕೆ ಅಷ್ಟೇ ಕೊಂಡಿ, ಅಳತೆಗೆ ಬೇರೆ ಚೈನು.

ನಾನು ಅದನ್ನೇ ನೋಡುತ್ತಾ ನಿಂತೆ. ಸ್ಕೇಲಿನಲ್ಲಿ ಎಂಟನೇ ಒಂದು ಭಾಗ ಅಂತ ನೋಡಿದಾಗ ಅದು ಒಂದು ಅಂಕಿ ಆಗಿತ್ತು. ಗೋಡೆಯ ಮೇಲೆ ಜೋತುಬಿದ್ದಾಗ ಅದು ಅಪ್ಪನ ದಿನಗಳ ಉದ್ದ ಅನ್ನಿಸಿತು. ಬೆಳಗಿನ ಹಾಲು, ಸಂಜೆಯ ಹಾಲು, ಮಳೆಗಾಲದ ಕೆಸರು, ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಸಂತೆಗೆ ಹೋದದ್ದು. ಎಲ್ಲ ಸೇರಿ ಆ ಒಂದು ಕೊಂಡಿ.

"ಈ ನಾಕನ್ನ ಸೇರ್ಸುದ್ರೆ ಅವು ಬಂದಾಗೆಲ್ಲ ನಿನ್ ಕಾಲಿಗೆ ಗೊತ್ತಾಯ್ತದೆ," ಮಾವ ಹೇಳಿದರು. "ಒಳ್ಳೇ ಹಲ್ಲೂ ಆ ಜಾಗದಲ್ಲಿ ಸವೀತವೆ. ನಿಮ್ಮಪ್ಪಂದು ಅಂತ ಅದುಕ್ಕೇನ್ ಗೊತ್ತು?"

ಅವರ ಹತ್ತಿರ ಒಂದು ಹಳೇ ಬಿಸ್ಕತ್ ಡಬ್ಬ ಇದೆ. ಅದರ ತುಂಬ ಚೈನಿನ ತುಂಡುಗಳು. ಒಂದೊಂದನ್ನೇ ತೆಗೆದು ನೀಲಿ ಚೈನಿನ ಮೇಲೆ ಪಿನ್ನಿಗೆ ಪಿನ್ನು ಇಟ್ಟು ನೋಡಿದರು. ಕೆಲವು ಬೇಗ ದಾರಿ ತಪ್ಪಿದವು. ಆರನೆಯದೋ ಏಳನೆಯದೋ ಪೂರ್ತಿ ಉದ್ದಕ್ಕೂ ಒಂದರ ಮೇಲೊಂದು ಸರಿಯಾಗಿ ಕೂತಿತು. ಅದರಿಂದ ನಾಲ್ಕು ಕೊಂಡಿ ಮುರಿದು ಸೇರಿಸಿದರು. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ಬದಿ ಚೈನು ಓಡುವ ಕಡೆಗೆ ಬರಬೇಕು ಅಂತ ತೋರಿಸಿ, ಕೂರಿಸುವುದನ್ನು ನನಗೆ ಬಿಟ್ಟರು.

ಅಪ್ಪನ ಚೈನನ್ನು ಸುತ್ತಿ ಬ್ಯಾಗಿಗೆ ಹಾಕಲು ಹೋದೆ. ಮಾವ ಕೈ ಚಾಚಿದರು. "ಇಲ್ ಕೊಡು. ಇಷ್ಟೇ ಸವ್ದಿರೋದು ಇನ್ನೊಂದು ಬಂದ್ರೆ ಬೇಕಾಯ್ತದೆ." ಕೊಟ್ಟೆ. ಮನೆಗೆ ತಂದಿದ್ದರೆ ಯಾವುದೋ ಡ್ರಾಯರ್‌ನಲ್ಲಿ ತುಕ್ಕು ಹಿಡಿಯುತ್ತಿತ್ತು. ಆ ಡಬ್ಬದಲ್ಲಿ ಅದಕ್ಕೆ ಇನ್ನೂ ಕೆಲಸ ಇದೆ.

ಅರ್ಧ ಮೀಟರ್

ಅಪ್ಪನ ಹಳೇ ಚೈನ್‌ವೀಲಿಗೆ 48 ಹಲ್ಲು. ಇದಕ್ಕೆ 44. ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಮೊದಲು ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 5.9 ಮೀಟರ್ ಹೋಗುತ್ತಿತ್ತು. ಈಗ 5.4. ಅರ್ಧ ಮೀಟರ್ ಕಡಿಮೆ. ನಾಲೆ ಏರಿಯ ಸಮ ದಾರಿಗೆ, ಅಪ್ಪನ ಕಾಲಿಗೆ 48 ಸರಿಯಿತ್ತು. ಮೈಸೂರಿನ ಏರಿಳಿತಕ್ಕೆ, ನನ್ನ ಕಾಲಿಗೆ 44 ಹಿತ. ಇದನ್ನು ನಾನು ಲೆಕ್ಕ ಹಾಕಿ ಆರಿಸಿದ್ದಲ್ಲ, ನೀಲಿ ಸೈಕಲ್ಲಿನಲ್ಲಿ ಇದ್ದದ್ದೇ ಅದು. ಮೊದಲ ದಿನವೇ ಲಲಿತಮಹಲ್ ರಸ್ತೆಗೆ ಹೋದೆ. ಅದೇ ಜಾಗದಲ್ಲಿ ಎದ್ದು ನಿಂತು ಒತ್ತಿದೆ. ಒಂದು ಕ್ಷಣ ಕಾಲು ತಾನಾಗೇ ಹೆದರಿತು. ಸದ್ದಿಲ್ಲ. ಚೈನು ಹಿಡಿದುಕೊಂಡಿತು. ಮೇಲೆ ಹತ್ತಿ ನಿಂತು ಚಾಮುಂಡಿ ಬೆಟ್ಟದ ಕಡೆ ನೋಡುತ್ತಾ ನೀರು ಕುಡಿದೆ.

ಹೋದ ತಿಂಗಳು ಅಪ್ಪ ಬಂದಿದ್ದರು. ಓಡಿಸೋಕೆ ಆಗಲ್ಲ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಲಾಗದೆ ಸ್ಟೂಲ್ ಮೇಲೆ ಕೂತು ಪೆಡಲನ್ನು ಕೈಯಲ್ಲಿ ತಿರುಗಿಸಿದರು. ಬಿಟ್ಟರು. ಫ್ರೀವೀಲು ಟಿಕ್ ಟಿಕ್ ಟಿಕ್ ಅಂತ ತುಂಬ ಹೊತ್ತು ಓಡಿತು. "ನಮ್ದುರ ಸದ್ದೇ ಬ್ಯಾರೆ ಇತ್ತು," ಅಂದರು. ಇನ್ನೊಮ್ಮೆ ತಿರುಗಿಸಿದರು. "ಇದೂ ಚೆನ್ನಾಗದೆ." ಆ ಹುಡುಗಿಯ ವಿಷಯ, ವೇಲಿನ ದಾರದ ವಿಷಯ ಹೇಳಿದೆ. ಯಾವೂರೋ ಏನೋ ಅಂದರು.

ಚೈನ್ ಕವರ್ ಮಾತ್ರ ಇನ್ನೂ ನನ್ನ ರೂಮಿನಲ್ಲಿದೆ. ಆ ಚೈನನ್ನು ಇಷ್ಟು ವರ್ಷ ಕಾಪಾಡಿದ್ದೇ ಅದು, ಅದಿಲ್ಲದೆ ಓಡಿಸೋಕೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಅಪ್ಪನ ಫ್ರೇಮಿಗೆ ಒಂದು ಇಂಚು ಸಾಲದು. ತಗಡಿನ ಕೆಲಸದವರೊಬ್ಬರು ನಡುವೆ ಕತ್ತರಿಸಿ ಒಂದು ಪಟ್ಟಿ ಸೇರಿಸಿ ಕೊಡುತ್ತೇನೆ ಅಂದಿದ್ದಾರೆ. ಭಾನುವಾರ ತಗೊಂಡು ಹೋಗಬೇಕು, ಮಳೆ ಹಿಡಿಯುವುದರ ಒಳಗೆ.